ಮಗು ಚೆನ್ನಾಗಿದೆ

ಆ ವರ್ಷ ಚಿಪೆರೋನಿ ಬೇಗ ಬಂತು. ಜೂನ್ ಅರ್ಧ ಕಳೆದಿರಲಿಲ್ಲ, ಆಗಲೇ ಗಡಿಯಾಚೆಯ ಬೆಟ್ಟದಿಂದ ಆ ಜಿನುಗು ಚಳಿ ಇಳಿದು ಲಿಂಬೆ ಪೇಟೆಯ ತಗಡಿನ ಮಾಡುಗಳ ಮೇಲೆ ಕೂತುಬಿಟ್ಟಿತ್ತು. ಮಳೆಯೆನ್ನುವ ಹಾಗಿಲ್ಲ, ಮಂಜೆನ್ನುವ ಹಾಗಿಲ್ಲ. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಒಲೆಯ ಪಕ್ಕದಿಂದ ಬೆಕ್ಕು ಏಳುವುದಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಎಲ್ಲರೂ ಸ್ವೆಟರಿನ ಮೇಲೆ ಸ್ವೆಟರ್ ಹಾಕಿ ಕೂತಿದ್ದರೆ ನಾನೊಬ್ಬಳು ರಟ್ಟಿನ ಚೂರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ.

ನಲವತ್ತಾರು ತುಂಬಿದ ಮೇಲೆ ನನ್ನ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಎದೆಯೊಳಗೆ ಯಾರೋ ಒಲೆ ಹೊತ್ತಿಸಿದ ಹಾಗೆ ಕಾವು ಏರಿ, ಕುತ್ತಿಗೆ, ಕಿವಿ, ನೆತ್ತಿಯವರೆಗೂ ಹಬ್ಬಿ, ಬೆವರು ಹರಿಸಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಇಳಿಯುತ್ತಿತ್ತು. ಮುಟ್ಟಿಗೂ ಲೆಕ್ಕವಿರಲಿಲ್ಲ. ತಿಂಗಳುಗಟ್ಟಲೆ ಸುಳಿವಿಲ್ಲದೆ, ನಿಂತೇ ಹೋಯಿತೆಂದು ನಾನು ನಿರಾಳವಾಗುವಷ್ಟರಲ್ಲಿ, ಕೊಡ ಮಗುಚಿದ ಹಾಗೆ ಬರುತ್ತಿತ್ತು. ಆ ದಿನ ಬೆಳಿಗ್ಗೆಯೂ ಹಾಗೆಯೇ ಆಗಿತ್ತು. ಇದನ್ನೆಲ್ಲ ನಾನು ಯಾರಿಗೂ ಹೇಳಿದವಳಲ್ಲ. ಗಾಳಿ ಬೀಸಿಕೊಳ್ಳುವುದೊಂದನ್ನು ಮಾತ್ರ ಮುಚ್ಚಿಡಲಾಗುತ್ತಿರಲಿಲ್ಲ.

"ನಿಮ್ಮನ್ನ ಒಯ್ದು ವಾರ್ಡಲ್ಲಿ ಕೂರಿಸಿಬಿಟ್ರೆ ಸಾಕು ಅಮಾಯಿ, ನಮ್ಮ ತೊಟ್ಟಿಲು ಯಾರಿಗೂ ಬೇಡ," ಎಂದ ಲಾಮೆಕ್.

ಲಾಮೆಕ್ ವರ್ಕ್‌ಶಾಪಿನ ಯಜಮಾನ. ಪಾಲಿಟೆಕ್ನಿಕ್ಕಿನಲ್ಲಿ ನನಗಿಂತ ಹಿಂದಿನ ತರಗತಿಯಲ್ಲಿದ್ದವನು, ಹಾಗಾಗಿ ಸಂಬಳ ಕೊಡುವವನಾದರೂ ನನ್ನನ್ನು ತಾಯಿಯನ್ನು ಕರೆಯುವ ಹಾಗೆ ಅಮಾಯಿ ಎಂದೇ ಕರೆಯುತ್ತಿದ್ದ. ನಾವು ಮಾಡುತ್ತಿದ್ದದ್ದು ಬೆಚ್ಚನೆಯ ತೊಟ್ಟಿಲು, ದಿನ ತುಂಬದೆ ಹುಟ್ಟಿದ ಅಂಗೈಯಗಲದ ಮಕ್ಕಳನ್ನು ಮಲಗಿಸುವುದಕ್ಕೆ. ಮೇಲೆ, ಒಳಗಿನದು ಕಾಣುವಂಥ ಮುಚ್ಚಳ, ಹಾಸಿಗೆಯ ಕೆಳಗೆ ಬಿಸಿಯಾಗುವ ತಂತಿ, ಮಗುವಿನ ಹೊಟ್ಟೆಗೆ ಅಂಟಿಸುವ ಒಂದು ಗುಂಡಿ. ಮಗುವಿನ ಮೈ ಎಷ್ಟು ಬೆಚ್ಚಗಿದೆ ಎಂಬುದನ್ನು ಗುಂಡಿ ಪಕ್ಕದ ಪೆಟ್ಟಿಗೆಗೆ ತಿಳಿಸುತ್ತದೆ. ತಂತಿ ಯಾವಾಗಲೂ ಸ್ವಲ್ಪ ಬಿಸಿಯಾಗಿಯೇ ಇರುತ್ತದೆ. ಮಗು ತಣ್ಣಗಾದರೆ ಪೆಟ್ಟಿಗೆ ಕೂಗಿ ಎಚ್ಚರಿಸಿ, ಅದನ್ನು ಇನ್ನಷ್ಟು ಕಾಯಿಸಬೇಕು. ಆ ಪೆಟ್ಟಿಗೆಗೆ ಬುದ್ಧಿ ಬರೆದವಳು ನಾನು.

ಅಂಥದೊಂದು ತೊಟ್ಟಿಲಿನಲ್ಲಿ ಆಗ ನನ್ನ ಅಕ್ಕ ಫಲೇಸಿಯ ಮೊಮ್ಮಗಳು ಮಲಗಿದ್ದಳು. ಟೀ ತೋಟಗಳ ನಡುವಿನ ಜಿಲ್ಲಾಸ್ಪತ್ರೆಯಲ್ಲಿ. ಅಕ್ಕನ ಮಗಳು ತಡಾಲಾಗೆ ರಕ್ತದೊತ್ತಡ ಏರಿ, ಫಿಟ್ಸ್ ಬಂದು, ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದರು. ತಾಯಿಗೆ ಇನ್ನೂ ಪೂರ್ತಿ ಎಚ್ಚರವಿರಲಿಲ್ಲ. ಮಗುವಿಗೆ ಹೆಸರಿಟ್ಟಿರಲಿಲ್ಲ, ಹೊಕ್ಕುಳಬಳ್ಳಿ ಬೀಳುವ ತನಕ ನಮ್ಮಲ್ಲಿ ಇಡುವುದಿಲ್ಲ. ಉಳಿಯುತ್ತದೆಂದು ಗೊತ್ತಾದ ಮೇಲಲ್ಲವೇ ಕರೆಯುವುದು.

ಅಮ್ಮ ತೀರಿಕೊಂಡಾಗ ನಾನು ಅಕ್ಕನ ಬೆನ್ನ ಮೇಲಿದ್ದೆ. ಆ ಬೆನ್ನಿನಿಂದಲೇ ಇಳಿದು ಶಾಲೆಗೆ ಹೋದೆ. ಅವಳು ಹೋಗಲಿಲ್ಲ. ಅದಕ್ಕೋ ಏನೋ, ನನ್ನ ಮಾತೆಂದರೆ ಅವಳಿಗೆ ಕೊನೆಯ ಮಾತು. ಮನೆಯಲ್ಲಿ ಯಾವ ವಾದ ಎದ್ದರೂ, ಯಾವ ಜೋಳದ ಬೀಜ ಬಿತ್ತಬೇಕು, ಕೆಮ್ಮಿಗೆ ಯಾವ ಗುಳಿಗೆ, ನೀರು ಎಷ್ಟು ಹೊತ್ತು ಕುದಿಸಬೇಕು, "ದೊರಿಕಾ ಹೇಳಿದ್ದಾಳೆ" ಎಂದುಬಿಟ್ಟರೆ ಮುಗಿಯಿತು. ಭಾವ ಬದುಕಿದ್ದಾಗ ತಮಾಷೆ ಮಾಡುತ್ತಿದ್ದರು, ಪಾದ್ರಿ ಹೇಳಿದ್ದನ್ನೂ ಇವಳು ದೊರಿಕಾಳನ್ನು ಕೇಳಿಯೇ ನಂಬುವುದು ಎಂದು. ಆ ನಂಬಿಕೆಯ ಭಾರ ನನಗೆ ತಿಳಿಯದ್ದೇನಲ್ಲ. ಆದರೂ ಅದು ಹಿತವಾಗಿತ್ತು. ಮಕ್ಕಳಿಲ್ಲದ, ಗಂಡ ಬಿಟ್ಟುಹೋದ ಹೆಂಗಸಿಗೆ ಲೋಕದಲ್ಲಿ ಒಬ್ಬರಾದರೂ ಹಾಗೆ ನಂಬುವವರು ಬೇಕು.

ಆ ದಿನ ಬೆಳಿಗ್ಗೆ ಚಹಾ ಮುಗಿಸುವಾಗ ವಾರ್ಡಿನಿಂದ ಸಿಸ್ಟರ್ ಮಡಿಂಡಾ ಫೋನ್ ಮಾಡಿದಳು. ಮಗುವಿನ ಪಾದ ತಣ್ಣಗೆನಿಸುತ್ತಿದೆ, ಎತ್ತಿ ಅಜ್ಜಿಯ ಎದೆಗೆ ಕಟ್ಟೋಣ ಅನ್ನುತ್ತೇನೆ, ಅಜ್ಜಿ ಕೇಳುತ್ತಿಲ್ಲ, ನೀವೇ ಹೇಳಿ ಎಂದಳು. ತೊಟ್ಟಿಲಿನ ಪರದೆ ಏನು ತೋರಿಸುತ್ತಿದೆ ಎಂದು ಕೇಳಿದೆ. ಮಗು ಚೆನ್ನಾಗಿದೆ ಎಂದೇ ತೋರಿಸುತ್ತಿದೆ ಎಂದಳು.

ನನಗೆ ಸಿಟ್ಟು ಬಂತು. ನರ್ಸುಗಳು ಸುಮ್ಮಸುಮ್ಮನೆ ಮುಚ್ಚಳ ತೆಗೆದು ಬಿಸಿಯನ್ನೆಲ್ಲ ಹೊರಗೆ ಬಿಡುತ್ತಾರೆಂದು, ಗುಂಡಿಯನ್ನು ಸರಿಯಾಗಿ ಅಂಟಿಸುವುದಿಲ್ಲವೆಂದು ನಾವು ವರ್ಕ್‌ಶಾಪಿನಲ್ಲಿ ಆಡಿಕೊಳ್ಳುವುದಿತ್ತು. ಇನ್ನೊಂದು ಮಾತನ್ನೂ ಹೇಳಬೇಕು. ಪರದೆಯ ಮೇಲೆ ಮೊದಲು ಬರೀ ಅಂಕಿ ಬರುತ್ತಿತ್ತು. ಹಿಂದಿನ ಅಕ್ಟೋಬರಿನ ಸೆಕೆಯಲ್ಲಿ ಅಕ್ಕ ನನ್ನನ್ನು ನೋಡಲು ಬಂದವಳು ತೊಟ್ಟಿಲನ್ನು ಸುತ್ತು ಹಾಕಿ, ಅಂಕಿ ಕಟ್ಟಿಕೊಂಡು ಅಜ್ಜಿಯರೇನು ಮಾಡಬೇಕು, ಮಗು ಚೆನ್ನಾಗಿದೆಯೋ ಇಲ್ಲವೋ ಅಂತ ನಮ್ಮ ಮಾತಿನಲ್ಲೇ ಬರೆಯಬಾರದೇ ಎಂದಿದ್ದಳು. ಅದು ಸರಿಯೆನಿಸಿ ಹಾಗೆಯೇ ಮಾಡಿದ್ದೆ. ಎಲ್ಲ ಆಸ್ಪತ್ರೆಗಳಲ್ಲೂ ಅಜ್ಜಿಯರು ಆ ಪರದೆಯನ್ನು ಬೆರಳಿಟ್ಟು ಓದಿ ನಗುತ್ತಿದ್ದರಂತೆ.

ಫೋನ್ ಅಕ್ಕನ ಕೈಗೆ ಹೋಯಿತು.

"ಏನ್ ಮಾಡ್ಲಿ ದೊರಿ? ಇಲ್ಲಿ ಬೇರೆಯವರೆಲ್ಲ ಮಕ್ಕಳನ್ನ ಎದೆಗೆ ಕಟ್ಕೊಂಡು ಕೂತವ್ರೆ. ನಾನು ಮಾತ್ರ, ನನ್ನ ತಂಗಿ ಮಾಡಿದ ತೊಟ್ಟಿಲು ಇರೋವಾಗ ನನಗ್ಯಾಕೆ ಅಂತ ಇದೀನಿ."

"ತೆಗೀಬೇಡ ಅಕ್ಕ," ಎಂದೆ. "ಪದೇ ಪದೇ ಮುಚ್ಚಳ ತೆಗೆದ್ರೆ ಮಗೂಗೆ ಚಳಿ ತಾಗುತ್ತೆ. ತೊಟ್ಟಿಲು ನೋಡ್ಕೊಳ್ಳುತ್ತೆ. ಯಾರು ಏನಂದ್ರೂ ತೆಗೀಬೇಡ."

"ಹಾಗೆ ಹೇಳು ಮತ್ತೆ," ಎಂದು ಅವಳು ಅಲ್ಲಿದ್ದವರಿಗೆಲ್ಲ ಕೇಳಿಸುವಂತೆ ಹೇಳಿ ಫೋನ್ ಕೊಟ್ಟುಬಿಟ್ಟಳು.

ಆಮೇಲೆ ನಾನು ಮಾಡಿದ್ದು ಮಡಿಂಡಾಳ ತಪ್ಪನ್ನು ತೋರಿಸುವುದಕ್ಕೆ. ಇನ್ನೊಮ್ಮೆ ಫೋನ್ ಬಂದರೆ ಸರಿಯಾದ ಉತ್ತರ ಕೊಡಬೇಕೆಂದು ಕಪಾಟಿನಲ್ಲಿದ್ದ ಹೊಸ ಪೆಟ್ಟಿಗೆಯೊಂದನ್ನು ಮೇಜಿಗೆ ತಂದು, ಅದರ ಗುಂಡಿಯನ್ನು ನಲ್ಲಿಯ ನೀರು ತುಂಬಿದ ಲೋಟದಲ್ಲಿ ಇಳಿಬಿಟ್ಟೆ. ಚಿಪೆರೋನಿಯ ನೀರು, ಬೆರಳು ಕೊರೆಯುವಂತಿತ್ತು. ಪರದೆ ಮಿಣುಕಿತು.

ಮಗು ಚೆನ್ನಾಗಿದೆ.

ಗುಂಡಿ ಕೆಟ್ಟಿರಬೇಕೆಂದು ಬೇರೆ ಗುಂಡಿ ಹಾಕಿದೆ. ಮಗು ಚೆನ್ನಾಗಿದೆ. ಪೆಟ್ಟಿಗೆಯನ್ನೇ ಬದಲಿಸಿದೆ. ಲಾಮೆಕ್ ತಿನ್ನುತ್ತಿದ್ದ ಮಾಂಡಸಿ ಬೋಂಡಾವನ್ನು ಕೈಯಲ್ಲೇ ಹಿಡಿದು ಬಂದು ಪಕ್ಕದಲ್ಲಿ ನಿಂತ. ಅವನೇ ಹೊರಗೆ ಹೋಗಿ ಮೀನಿನಂಗಡಿಯಿಂದ ಮಂಜುಗಡ್ಡೆ ತಂದು ಲೋಟಕ್ಕೆ ಹಾಕಿದ. ಮಂಜುಗಡ್ಡೆಯ ನಡುವೆ ತೇಲುತ್ತಿದ್ದ ಆ ಮಗು ಚೆನ್ನಾಗಿಯೇ ಇತ್ತು. ಪೆಟ್ಟಿಗೆಗೆ ಜೋಡಿಸಿದ್ದ ಬಿಸಿಯ ತಂತಿಯನ್ನು ಮುಟ್ಟಿ ನೋಡಿದೆ. ಎಂದಿನ ಅರೆಬೆಚ್ಚನೆ, ಅಷ್ಟೇ.

ಮಡಿಂಡಾಗೆ ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಅಕ್ಕನ ಫೋನ್ ಆಸ್ಪತ್ರೆ ಗೇಟಿನ ಕ್ಷೌರದಂಗಡಿಯಲ್ಲಿ ಚಾರ್ಜಿಗೆ ಇಟ್ಟಿರುತ್ತಿತ್ತು, ಸಂಜೆಯವರೆಗೆ ಅದು ಆಫ್. ವಾರ್ಡಿನ ಫೋನು ಸತ್ತು ವರ್ಷವಾಗಿತ್ತು. ಮತ್ತೆ ಮಡಿಂಡಾಗೆ ಮಾಡಿದೆ. ಎತ್ತಲಿಲ್ಲ.

"ನಾನು ಹೊರಡ್ತೀನಿ," ಎಂದೆ.

ಲಾಮೆಕ್ ಬಾಗಿಲಿಗೆ ಅಡ್ಡ ನಿಂತ. ಹೋಗಿ ಏನು ಮಾಡುತ್ತೀರಿ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಕ್ಕನ ಮೊಮ್ಮಗಳಂಥ ಮಕ್ಕಳು ಇನ್ನೂ ಐದು ಆಸ್ಪತ್ರೆಗಳಲ್ಲಿ ಅದೇ ತೊಟ್ಟಿಲುಗಳಲ್ಲಿ ಮಲಗಿದ್ದವು. ಎಲ್ಲವೂ ಹೀಗೆಯೇ ಆಗಿದೆಯೋ, ಹೊಸ ಪೆಟ್ಟಿಗೆಗಳು ಮಾತ್ರವೋ ನಮಗೆ ಗೊತ್ತಿರಲಿಲ್ಲ. ತೊಟ್ಟಿಲಿನಿಂದ ತೆಗೆಯಿರಿ ಎಂದರೆ ಈ ಚಳಿಯಲ್ಲಿ ಎಲ್ಲ ಮಕ್ಕಳಿಗೂ ಎದೆ ಎಲ್ಲಿಂದ ತರುವುದು? ತಾಯಿ ಸತ್ತ ಮಕ್ಕಳಿವೆ, ತಾಯಿಗೆ ಎಚ್ಚರವಿಲ್ಲದ ಮಕ್ಕಳಿವೆ. ಸರಿಯಿರುವ ತೊಟ್ಟಿಲಿನಿಂದ ಮಗುವನ್ನು ಎತ್ತಿಸಿ ಕೊಂದಂತೆಯೂ ಆಗಬಹುದು. ಏನು ಕೆಟ್ಟಿದೆಯೆಂದು ತಿಳಿಯದೆ ಯಾರಿಗೂ ಏನೂ ಹೇಳುವಂತಿರಲಿಲ್ಲ. ಅದನ್ನು ತಿಳಿಯಬಲ್ಲವಳು ನಾನೊಬ್ಬಳೇ. ನಾನು ಕೂತೆ. ಮಡಿಂಡಾಳ ನಂಬರನ್ನು ಒತ್ತುತ್ತಲೇ ಇರುವಂತೆ ಲಾಮೆಕ್‌ಗೆ ಹೇಳಿದೆ.

ನಾನು ಬರೆದದ್ದನ್ನು ಓದಿದೆ. ಎಲ್ಲ ಸರಿಯಿತ್ತು. ಮಗುವಿನ ಬಿಸಿಯಿಂದ, ಇರಬೇಕಾದ ಬಿಸಿಯನ್ನು ಕಳೆ. ಉಳಿದದ್ದು ಸೊನ್ನೆಗಿಂತ ಕಡಿಮೆಯಾದರೆ ತಂತಿಯನ್ನು ಕಾಯಿಸು. ಇಲ್ಲವಾದರೆ ಪರದೆಯ ಮೇಲೆ, ಮಗು ಚೆನ್ನಾಗಿದೆ. ಶಾಲೆಯ ಮಕ್ಕಳು ಮಾಡುವ ಲೆಕ್ಕ. ಮತ್ತೆ ಓದಿದೆ. ಎಷ್ಟು ಸಲ ಓದಿದರೂ ಅದು ಸರಿಯಾಗಿಯೇ ಇತ್ತು. ತಪ್ಪು ಕಂಡರೆ ತಿದ್ದಬಹುದು. ತಪ್ಪೇ ಇಲ್ಲದ ಕಡೆ ಮಗು ತಣ್ಣಗಾಗುತ್ತಿದೆ, ನಾನು ಎಲ್ಲಿ ಕೈ ಹಾಕಲಿ?

ಪೆಟ್ಟಿಗೆಯೊಳಗಿರುವುದು ಕಿರುಬೆರಳಿನ ಉಗುರಿನಷ್ಟು ಚಿಪ್. ಅದರಲ್ಲೇ ಕೂತು ಏನನ್ನೂ ಬರೆಯಲಾಗುವುದಿಲ್ಲ. ನಾವು ನಮ್ಮ ಕಂಪ್ಯೂಟರಿನಲ್ಲಿ ಬರೆಯುತ್ತೇವೆ, ಕ್ರಾಸ್ ಕಂಪೈಲರ್ ಅದನ್ನು ಆ ಚಿಪ್ಪಿನ ಭಾಷೆಗೆ ತಿರುಗಿಸಿ ಕೊಡುತ್ತದೆ. ಒಂದು ಊರಿನಲ್ಲಿ ಕೂತು ಇನ್ನೊಂದು ಊರಿನ ಮಾತಿನಲ್ಲಿ ಬರೆದುಕೊಡುವ ದುಭಾಷಿ ಅದು. ಚಿಪ್ಪಿನಲ್ಲಿ ಜಾಗ ಬಹಳ ಕಡಿಮೆ. ಕಳೆದು ಉಳಿದದ್ದನ್ನು ನಾನು ಅತಿ ಸಣ್ಣ ಗೂಡೊಂದರಲ್ಲಿ ಇಡಿಸಿದ್ದೆ. ಅಂಥ ಗೂಡಿನಲ್ಲಿರುವುದನ್ನು ಎರಡು ಬಗೆಯಲ್ಲಿ ಓದಬಹುದು. ಸೊನ್ನೆ ಮತ್ತು ಅದರ ಮೇಲಿನ ಸಂಖ್ಯೆಗಳು ಮಾತ್ರ ಎಂದು ಓದಬಹುದು, ಇಲ್ಲವೇ ಸೊನ್ನೆಗಿಂತ ಕೆಳಗಿನವನ್ನೂ ಸೇರಿಸಿ ಓದಬಹುದು. ಕೆಳಗಿನವೂ ಸೇರಲಿ ಎಂದು ಕಂಪೈಲರಿಗೆ ಹೇಳಲು ಒಂದು ಆಯ್ಕೆ ಇದೆ. ಆ ಆಯ್ಕೆ ಕೊಟ್ಟರೆ ಎಲ್ಲ ಸಣ್ಣ ಗೂಡುಗಳನ್ನೂ ಹಾಗೆಯೇ ಓದಲಾಗುವುದು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಾನು ಕೊಟ್ಟಿದ್ದೆ.

ಲಾಮೆಕ್ ಕೈಪಿಡಿ ತೆಗೆದು ಆ ಪುಟವನ್ನು ಗಟ್ಟಿಯಾಗಿ ಓದಿದ.

"ಪುಸ್ತಕದಲ್ಲೇ ಇದೆ ಅಮಾಯಿ. ಅದು ಅಲ್ಲ. ಬೇರೆ ಏನೋ ಆಗಿದೆ, ಬೇರೆ ಹುಡುಕಿ."

ನಾವು ಇಡೀ ತರಗತಿಗೆ ಒಂದೇ ಪುಸ್ತಕವಿದ್ದ ಕಾಲದಲ್ಲಿ ಓದಿದವರು. ಸಾಲಿನಲ್ಲಿ ಕಾದು, ಕೈ ತೊಳೆದು, ನಮ್ಮ ಸರದಿಯ ಒಂದು ಗಂಟೆ ಅದನ್ನು ಮುಟ್ಟುತ್ತಿದ್ದೆವು. ಅಂಥ ಪುಸ್ತಕ ತಪ್ಪಿರಬಹುದೆಂದು ನಮ್ಮ ತಲೆಗೆ ಹೊಳೆಯುತ್ತಲೇ ಇರಲಿಲ್ಲ. ಲೆಕ್ಕ ತಾಳೆಯಾಗದಿದ್ದರೆ ತಪ್ಪು ನಮ್ಮದೇ. ಹಾಗಾಗಿ ನಾನೂ ಬೇರೆ ಹುಡುಕಿದೆ. ಗುಂಡಿಯ ತಂತಿ, ಬೆಸುಗೆ, ವಿದ್ಯುತ್ತು. ಆ ಹುಡುಕಾಟದಲ್ಲಿ ಇಡೀ ಮಧ್ಯಾಹ್ನ ಹೋಯಿತು. ಈಗಲೂ ನನ್ನನ್ನು ತಿನ್ನುವುದು ಆ ಮಧ್ಯಾಹ್ನ. ಮಡಿಂಡಾಳ ಫೋನ್ ರಿಂಗಾಗುತ್ತಲೇ ಇತ್ತು. ನನಗೆ ಮತ್ತೆ ಮತ್ತೆ ಕೇಳಿಸುತ್ತಿದ್ದದ್ದು ನನ್ನದೇ ದನಿ: ಯಾರು ಏನಂದ್ರೂ ತೆಗೀಬೇಡ. ಅಕ್ಕ ತೆಗೆಯುವುದಿಲ್ಲ. ಆಕಾಶ ಕಳಚಿ ಬಿದ್ದರೂ ತೆಗೆಯುವುದಿಲ್ಲ. ನನ್ನ ಮಾತನ್ನು ಅವಳು ಎಂದೂ ಮೀರಿದವಳಲ್ಲ.

ಕೊನೆಗೆ, ಬೇರೇನೂ ಉಳಿಯದೆ, ಕಂಪೈಲರ್ ಏನು ಬರೆದುಕೊಟ್ಟಿದೆ ಎಂಬುದನ್ನೇ ತೆರೆದೆ. ಆ ಭಾಷೆ ನನಗೆ ಅರೆಬರೆ ಬರುತ್ತದೆ. ಕುರುಡರು ಗೋಡೆ ಸವರುವ ಹಾಗೆ ಸಾಲು ಸಾಲಾಗಿ ಇಳಿದೆ. ಬಿಸಿ ಓದಿದ ಸಾಲು ಸಿಕ್ಕಿತು. ಕಳೆಯುವ ಸಾಲು ಸಿಕ್ಕಿತು. ಅದಾದ ಮೇಲೆ ಸೊನ್ನೆಗಿಂತ ಕಡಿಮೆಯೇ ಎಂದು ಕೇಳುವ ಸಾಲು ಬರಬೇಕಿತ್ತು. ಬರಲಿಲ್ಲ. ತಂತಿ ಕಾಯಿಸುವ ಸಾಲುಗಳೂ ಇರಲಿಲ್ಲ. ಕಳೆದ ಕೂಡಲೇ ಅದು ನೇರವಾಗಿ ಪರದೆಗೆ ಹೋಗಿ, ಮಗು ಚೆನ್ನಾಗಿದೆ ಎಂದು ಬರೆಯುತ್ತಿತ್ತು.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅದೆಷ್ಟು ಸರಳವಾಗಿತ್ತೆಂದರೆ ನಾನು ನಕ್ಕುಬಿಟ್ಟೆ, ಲಾಮೆಕ್ ಹೆದರಿದ. ನಮ್ಮ ಮಾತಿನ ವಾಕ್ಯಗಳನ್ನು ಸೇರಿಸಿದಾಗ ಎಲ್ಲವೂ ಚಿಪ್ಪಿನಲ್ಲಿ ಹಿಡಿಸಲಿಲ್ಲ. ಬರೆದದ್ದನ್ನು ಒತ್ತಿ ಚಿಕ್ಕದು ಮಾಡಿಕೊಡು ಎಂಬ ಇನ್ನೊಂದು ಆಯ್ಕೆಯನ್ನು ಆಗ ಕೊಟ್ಟಿದ್ದೆ. ಅದು ಬಂದ ಕೂಡಲೇ ಕಂಪೈಲರ್ ಮೊದಲಿನ ಆಯ್ಕೆಯನ್ನು ಸದ್ದಿಲ್ಲದೆ ಕೈಬಿಟ್ಟಿತ್ತು. ಒಂದು ಎಚ್ಚರಿಕೆಯಿಲ್ಲ, ಒಂದು ಸೂಚನೆಯಿಲ್ಲ. ಕೈಪಿಡಿಯಲ್ಲಿ ಇದರ ಸುದ್ದಿಯೇ ಇಲ್ಲ. ಈಗ ಆ ಗೂಡಿನಲ್ಲಿ ಸೊನ್ನೆಗಿಂತ ಕೆಳಗಿನದು ಇರಲು ಸಾಧ್ಯವೇ ಇಲ್ಲ. ಇರಲು ಸಾಧ್ಯವಿಲ್ಲದ್ದನ್ನು ಇದೆಯೇ ಎಂದು ಯಾಕೆ ಕೇಳಬೇಕು? ಜಾಗ ದಂಡ. ಮಗುವಿಗೆ ಚಳಿಯಾಗಿದೆಯೇ ಎಂಬ ಪ್ರಶ್ನೆಯನ್ನೇ ಅದು ಕಿತ್ತು ಎಸೆದಿತ್ತು.

ನಾವು ಅದನ್ನು ಅಕ್ಟೋಬರಿನಲ್ಲಿ ಪರೀಕ್ಷಿಸಿದ್ದೆವು. ಹೊರಗಿನ ಕಲ್ಲು ಸುಡುವ ಕಾಲ. ಬದಲಾದದ್ದು ಮಾತುಗಳು ಮಾತ್ರ ತಾನೆ ಎಂದು ಮಾತುಗಳನ್ನು ಮಾತ್ರ ನೋಡಿದ್ದೆವು. ಆ ಸೆಕೆಯಲ್ಲಿ ತಂತಿಯ ಅರೆಬೆಚ್ಚನೆಯೇ ಸಾಕಾಗಿತ್ತು. ಚಿಪೆರೋನಿ ಬಂದ ಮೇಲೆ ಯಾವ್ಯಾವ ವಾರ್ಡಿನಲ್ಲಿ ಯಾವ ಮಗು ಹೋಯಿತು, ತೊಟ್ಟಿಲಿನಿಂದ ಹೋಯಿತೋ ಅದರ ಆಯುಷ್ಯವೇ ಅಷ್ಟಿತ್ತೋ, ಯಾರೂ ಕೇಳಿರಲಿಲ್ಲ. ಅಷ್ಟು ಸಣ್ಣ ಮಕ್ಕಳು ಹೋಗುವುದು ಇದ್ದದ್ದೇ ಎಂದು ಅವರ ಅಜ್ಜಿಯರು ತಾವು ಉಡುವ, ಹೊದೆಯುವ ಚಿತೆಂಜೆ ಬಟ್ಟೆಯಲ್ಲಿ ಸುತ್ತಿ ಒಯ್ದಿರುತ್ತಾರೆ. ಪರದೆ ಅವರ ಬೆನ್ನ ಹಿಂದೆ ಮಗು ಚೆನ್ನಾಗಿದೆ ಎನ್ನುತ್ತಲೇ ಇದ್ದಿರಬೇಕು.

ತಿದ್ದುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಯ್ಕೆಯನ್ನು ನೆಚ್ಚದೆ, ಆ ಗೂಡಿನ ಪಕ್ಕದಲ್ಲೇ ಕೆಳಗಿನವೂ ಸೇರಿ ಎಂದು ನನ್ನ ಕೈಯಿಂದ ಒಂದು ಪದ ಬರೆದೆ. ಪೆಟ್ಟಿಗೆಗೆ ತುಂಬಿ, ಗುಂಡಿಯನ್ನು ಮಂಜಿನ ನೀರಿಗಿಳಿಸಿದಾಗ ಅದು ಕಿರುಚಿಕೊಂಡಿತು. ತಂತಿ ಕೈ ಸುಡುವಷ್ಟು ಕಾಯಿತು.

"ಎಲ್ಲ ಆಸ್ಪತ್ರೆಗೂ ಫೋನ್ ಮಾಡು," ಎಂದು ಲಾಮೆಕ್‌ಗೆ ಹೇಳಿದೆ. "ಮಕ್ಕಳನ್ನ ತೆಗೆದು ಎದೆಗೆ ಕಟ್ಟಿ ಅನ್ನು. ಎದೆ ಇಲ್ಲದಿದ್ರೆ ಬಿಸಿನೀರಿನ ಬಾಟ್ಲಿ ಇಡೋಕೆ ಹೇಳು."

ಅವನು ಕೈಪಿಡಿಯನ್ನು ಮುಚ್ಚಿಟ್ಟ.

"ಹೀಗಂದ್ರೆ ನಾಳೆಯಿಂದ ನಮ್ಮ ತೊಟ್ಟಿಲನ್ನ ಯಾರೂ ಮುಟ್ಟಲ್ಲ ಅಮಾಯಿ."

"ಮುಟ್ಟೋದು ಬೇಡ."

ಅವನು ಫೋನ್ ಎತ್ತಿಕೊಂಡ. ಆ ಮಟ್ಟಿಗೆ ಅವನು ಒಳ್ಳೆಯ ಮನುಷ್ಯ. ತಿದ್ದಿದ ಪೆಟ್ಟಿಗೆಯನ್ನು ಮಡಿಲಿಗೆ ಹಾಕಿಕೊಂಡಂತೆ ಹಿಡಿದು ನಾನು ವರ್ಕ್‌ಶಾಪಿನ ಪಿಕಪ್ ಹತ್ತಿದೆ.

ದಾರಿಯುದ್ದಕ್ಕೂ ಟೀ ತೋಟಗಳ ಮೇಲೆ ಮಂಜು ಮಲಗಿತ್ತು. ತಿರುವೊಂದರಲ್ಲಿ ಟೀ ಎಲೆಯ ಟ್ರ್ಯಾಕ್ಟರ್ ಮುಂದೆ ಸಿಕ್ಕಿ ದಾರಿ ಬಿಡಲೇ ಇಲ್ಲ. ಅದರ ಹಿಂದೆ ತೆವಳುತ್ತ ನನಗೆ ಕಾವು ಏರಿತು, ಕಿಟಕಿ ಇಳಿಸಿದರೂ ಇಳಿಯಲಿಲ್ಲ. ಕೆಳಗೆ ಒದ್ದೆಯಾಗುತ್ತಿರುವುದು ಗೊತ್ತಾಗುತ್ತಿತ್ತು. ನಿಲ್ಲಿಸಿ ನೋಡಿಕೊಳ್ಳುವಷ್ಟು ಹೊತ್ತು ನನ್ನ ಬಳಿ ಇರಲಿಲ್ಲ. ದೇವರನ್ನು ಬೇಡಿಕೊಳ್ಳಲು ಹೋದರೆ, ಅಕ್ಕ ಇಂದು ಒಂದು ದಿನ ನನ್ನ ಮಾತು ಮೀರಿರಲಿ ಎಂಬುದಲ್ಲದೆ ಬೇರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

ಅವಳು ಮೀರಿರಲಿಲ್ಲ.

ನಾನು ವಾರ್ಡಿಗೆ ಹೋದಾಗ ಹೊತ್ತು ಇಳಿಯುತ್ತಿತ್ತು. ಗೋಡೆಗೊರಗಿ ಸಾಲಾಗಿ ತಾಯಂದಿರು ಕೂತಿದ್ದರು, ಒಬ್ಬೊಬ್ಬರ ಚಿತೆಂಜೆಯೊಳಗಿನಿಂದಲೂ ಒಂದೊಂದು ಟೋಪಿ ಇಣುಕುತ್ತಿತ್ತು. ಕೊನೆಯಲ್ಲಿ ನನ್ನ ತೊಟ್ಟಿಲು. ಪಕ್ಕದಲ್ಲಿ ಸ್ಟೂಲಿನ ಮೇಲೆ ಅಕ್ಕ, ಕಾವಲಿನವಳ ಹಾಗೆ, ಒಂದು ಕೈಯನ್ನು ಮುಚ್ಚಳದ ಮೇಲೆ ಊರಿಕೊಂಡು. ಅವಳ ಲಂಗ ಮೊಣಕಾಲಿನವರೆಗೂ ಒದ್ದೆ. ಹೊರಗಿನ ನಲ್ಲಿಯಲ್ಲಿ ತಡಾಲಾಳ ಬಟ್ಟೆ ಒಗೆದು ಆಗ ತಾನೆ ಬಂದಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು.

"ನೋಡು, ನಾನು ಯಾರಿಗೂ ತೆಗೆಯೋಕೆ ಬಿಡಲಿಲ್ಲ. ಆ ಸಿಸ್ಟರ್ ಜೊತೆ ಜಗಳಾನೇ ಆಯ್ತು. ದೊರಿಕಾ ಹೇಳಿದ್ದಾಳೆ ಅಂದೆ."

ಪರದೆಯ ಮೇಲೆ ಅದೇ ಮಾತು ಇತ್ತು. ನಾನು ಮುಚ್ಚಳ ಎತ್ತಿ ಮಗುವಿನ ಪಾದ ಮುಟ್ಟಿದೆ. ಬೆಳಿಗ್ಗೆ ಲೋಟದ ನೀರು ಮುಟ್ಟಿದ್ದೆನಲ್ಲ, ಅದೇ.

"ತೆಗಿ ಅಕ್ಕ. ಎದೆಗೆ ಹಾಕ್ಕೋ. ತೊಟ್ಟಿಲು ಸುಳ್ಳು ಹೇಳ್ತಾ ಇದೆ."

ಅವಳಿಗೆ ಅರ್ಥವಾಗಲಿಲ್ಲ. ನನ್ನ ಮುಖವನ್ನೂ ಪರದೆಯನ್ನೂ ನೋಡಿದಳು. ಮಡಿಂಡಾ ಓಡಿ ಬಂದಳು. ಅವಳಿ ಹೆರಿಗೆಯೊಂದರಲ್ಲಿ ಇಡೀ ಮಧ್ಯಾಹ್ನ ಒಳಗಿದ್ದಳಂತೆ, ಫೋನು ಚೀಲದಲ್ಲಿತ್ತಂತೆ. ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದವಳು ಕೂಡಲೇ ಮಗುವನ್ನು ಬಿಚ್ಚಿ ಅಕ್ಕನ ರವಿಕೆಯೊಳಗೆ ಇಳಿಸಿ ಕಟ್ಟಿದಳು. ಮಗು ಅಳಲಿಲ್ಲ. ಅಳುವಷ್ಟೂ ಅದರಲ್ಲಿ ಉಳಿದಿರಲಿಲ್ಲ.

ನಾನು ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಹೊಸದನ್ನು ಜೋಡಿಸಿದೆ. ಈಗ ಸರಿಯಾಯಿತು, ಸ್ವಲ್ಪ ಹೊತ್ತಿನಲ್ಲಿ ಹಾಸಿಗೆ ಕಾಯುತ್ತದೆ, ಆಮೇಲೆ ಮಲಗಿಸಬಹುದು ಎಂದೆ.

"ಬೇಡ," ಎಂದಳು ಅಕ್ಕ. ಸಿಟ್ಟಿಲ್ಲ, ಅಳುವಿಲ್ಲ. "ಆ ಪೆಟ್ಟಿಗೆ ಬೇಡ."

ನಲವತ್ತೆಂಟು ವರ್ಷದಲ್ಲಿ ಅವಳು ನನಗೆ ಬೇಡ ಎಂದದ್ದು ಅದೇ ಮೊದಲು.

ಮಡಿಂಡಾ ಮತ್ತೆ ಬಂದು ಥರ್ಮಾಮೀಟರ್ ಇಟ್ಟಳು. ಏರಿರಲಿಲ್ಲ. ಅಕ್ಕನ ಕೆನ್ನೆ, ತೋಳು ಮುಟ್ಟಿ ನೋಡಿ, ಅಜ್ಜಿ ನೀವೇ ಕೊರಡಿನ ಹಾಗೆ ತಣ್ಣಗಿದ್ದೀರಿ ಎಂದಳು. ಅಕ್ಕನ ಎದೆಯೆಂದರೆ ಆ ವಯಸ್ಸಿಗೆ ಬರೀ ಮೂಳೆ. ಒಣಬಟ್ಟೆ ಹೊದಿಸಿದರು, ಬಿಸಿ ಗಂಜಿ ಕುಡಿಸಿದರು. ಮತ್ತೆ ನೋಡಿದರೂ ಏರಿರಲಿಲ್ಲ. ಬೇರೆ ತಾಯಂದಿರ ಎದೆಯಲ್ಲೆಲ್ಲ ಅವರವರ ಮಕ್ಕಳಿದ್ದವು. ಥರ್ಮಾಮೀಟರ್ ಹಿಡಿಯಲು ಕೊಟ್ಟಾಗ ಮಡಿಂಡಾಳ ಬೆರಳು ನನ್ನ ಕೈಗೆ ತಾಗಿತು. ಅವಳು ನನ್ನ ಅಂಗೈಯನ್ನು ಹಿಡಿದು ನೋಡಿ, ಅಜ್ಜಿಯ ಕಡೆ ತಿರುಗಿದಳು.

"ನಿಮ್ಮ ತಂಗಿ ಕೈ ಕೆಂಡ ಇದ್ದ ಹಾಗಿದೆ. ಅವರಿಗೆ ಕೊಡಿ."

ಅಕ್ಕ ಮಗುವನ್ನು ಎರಡೂ ಕೈಗಳಿಂದ ಒತ್ತಿಕೊಂಡಳು. ಅವಳು ಏನು ಕೇಳುತ್ತಾಳೆಂದು ಅವಳ ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಿತ್ತು. ಮುಟ್ಟಾದವಳ ಕೈ ಹೆಸರಿಡದ ಕೂಸಿಗೆ ತಗಲಿದರೆ ಅದು ಒಣಗಿ, ಕೆಮ್ಮಿ ಕೆಮ್ಮಿ ಸಾಯುತ್ತದೆ. ನಮ್ಮಮ್ಮನ ಕೊನೆಯ ಮಗು ಹೋದದ್ದು ಹಾಗೆಯೇ ಎಂದು ಅವಳು ನಂಬಿದ್ದಾಳೆ. ತೊಟ್ಟಿಲಿನ ಬಗ್ಗೆ ನನ್ನ ಮಾತು ಕೇಳಿದವಳು ಇದರ ಬಗ್ಗೆ ಎಂದೂ ಕೇಳಿಲ್ಲ, ನಾನೂ ಹೇಳಿಲ್ಲ.

"ದೊರಿ, ನನ್ನ ನೋಡಿ ಹೇಳು. ನೀನು ಮುಟ್ಟಾಗಿಲ್ಲ ತಾನೆ?"

ನಿಜ ಹೇಳಿದರೆ ಅವಳು ಮಗುವನ್ನು ಕೊಡುವುದಿಲ್ಲ. ಅವಳನ್ನು ನೋಡಿದೆ. ದಾರಿಯುದ್ದಕ್ಕೂ ನಾನು ಆ ಕೈಪಿಡಿಯನ್ನು ಶಪಿಸಿದ್ದೆ, ಹೇಳಿದ್ದೊಂದು ಮಾಡಿದ್ದೊಂದು ಎಂದು. ಅದನ್ನು ಬರೆದವರು ಎದುರಿಗಿದ್ದಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ.

"ಇಲ್ಲ ಅಕ್ಕ," ಎಂದೆ. "ನಿಂತು ಎಷ್ಟೋ ತಿಂಗಳಾಯ್ತು."

ಅವಳು ಮಗುವನ್ನು ಬಿಚ್ಚಿ ಕೊಟ್ಟಳು.

ಸ್ಟೂಲಿನ ಮೇಲೆ ಕೂತು ರವಿಕೆ ಬಿಚ್ಚಿದೆ. ಮಡಿಂಡಾ ಮಗುವನ್ನು ನನ್ನ ಮೊಲೆಗಳ ನಡುವೆ ಕಪ್ಪೆಯ ಹಾಗೆ ಮಲಗಿಸಿ ಬಿಗಿಯಾಗಿ ಕಟ್ಟಿದಳು. ಒದ್ದೆ ಕಲ್ಲೊಂದನ್ನು ಎದೆಗಿಟ್ಟಂತಾಯಿತು. ಎಷ್ಟು ವರ್ಷ ನಾನು ಒಂದು ಕೂಸಿಗಾಗಿ ಕಾದಿದ್ದ ಜಾಗ ಅದು. ಎರಡು ವರ್ಷದಿಂದ ನಾನು ಬೈದುಕೊಂಡು, ನೀರೆರಚಿಕೊಂಡು, ರಟ್ಟು ಬೀಸಿ ಓಡಿಸುತ್ತಿದ್ದ ಆ ಕಾವನ್ನು ಈಗ ಬಾ ಬಾ ಎಂದು ಕರೆದೆ. ಬೇಕೆಂದಾಗ ಬರುವಂಥದ್ದಲ್ಲ ಅದು. ಕಣ್ಣು ಮುಚ್ಚಿ ಕೂತೆ. ಮಗುವಿನ ಉಸಿರು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನನ್ನದೇ ಎದೆಬಡಿತ ಅದನ್ನು ಮುಚ್ಚಿಬಿಡುತ್ತಿತ್ತು. ಸಾಯಬೇಡ, ಎಂದೆ ಅದಕ್ಕೆ, ಹೆಸರಿಲ್ಲದ್ದಕ್ಕೆ. ಇದು ಸುಳ್ಳಿನ ಬಿಸಿ, ಆದರೂ ಬಿಸಿಯೇ.

ಎಷ್ಟು ಹೊತ್ತಿನ ಮೇಲೋ ಎದೆಯ ಗೂಡಿನಲ್ಲಿ ಒಲೆ ಹೊತ್ತಿಕೊಂಡಿತು. ಕುತ್ತಿಗೆಗೆ, ಕಿವಿಗೆ, ನೆತ್ತಿಗೆ ಏರಿತು. ಬೆವರು ಮಗುವಿನ ಟೋಪಿಗೆ ಇಳಿಯಿತು. ಇನ್ನೊಂದಿಷ್ಟು ಹೊತ್ತಾದ ಮೇಲೆ ಸಣ್ಣ ಬಾಯಿಯೊಂದು ನನ್ನ ಚರ್ಮದ ಮೇಲೆ ಒಂದು ಅಂಗುಲ ಸರಿದು, ಏನನ್ನೋ ಹುಡುಕಿ, ನಿಂತಿತು. ಮಡಿಂಡಾ ಥರ್ಮಾಮೀಟರ್ ನೋಡಿ, ಸ್ವಲ್ಪ ಏರಿದೆ ಎಂದಳು. ಸ್ವಲ್ಪ, ಎಂದು ಮತ್ತೊಮ್ಮೆ ಹೇಳಿದಳು. ರಾತ್ರಿ ಕಳೆಯಬೇಕು ಎಂದಳು. ನನ್ನ ಫೋನ್‌ನಲ್ಲಿ ಲಾಮೆಕ್‌ನ ಸಂದೇಶವಿತ್ತು: ಮೂರು ಆಸ್ಪತ್ರೆಗಳು ಸಿಕ್ಕಿವೆ, ಎರಡು ಇನ್ನೂ ಸಿಕ್ಕಿಲ್ಲ, ಮಾಡುತ್ತಲೇ ಇದ್ದೇನೆ.

ಮಗ್ಗುಲು ಬದಲಿಸಲು ನಾನು ಒಂದು ಗಳಿಗೆ ಎದ್ದು ನಿಂತೆ. ಅಕ್ಕ ನನ್ನ ಹಿಂದೆ ಇದ್ದಳು. ಅವಳ ನೋಟ ನನ್ನ ಬೆನ್ನ ಕೆಳಗೆ ನಿಂತದ್ದು ತಿರುಗದೆಯೇ ಗೊತ್ತಾಯಿತು. ಸ್ಟೂಲಿನ ಮೇಲೂ ಗುರುತು ಬಿದ್ದಿರಬೇಕು. ಮಗುವನ್ನು ಕಿತ್ತುಕೊಳ್ಳುತ್ತಾಳೆಂದು ನಾನು ಎರಡೂ ಕೈಗಳನ್ನು ಎದೆಗೆ ಅಡ್ಡ ಹಿಡಿದೆ.

ಅವಳು ತಾನು ಹೊದ್ದಿದ್ದ ಒಣ ಚಿತೆಂಜೆಯನ್ನು ತೆಗೆದು, ನನ್ನ ಸೊಂಟಕ್ಕೆ ಸುತ್ತಿ, ಚಿಕ್ಕಂದಿನಲ್ಲಿ ಶಾಲೆಗೆ ಕಳಿಸುವಾಗ ಕಟ್ಟುತ್ತಿದ್ದ ಹಾಗೆ ಬಿಗಿಯಾಗಿ ಗಂಟು ಹಾಕಿದಳು. ಸ್ಟೂಲನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ನನ್ನ ತೋಳು ಹಿಡಿದು ಕೂರಿಸಿದಳು.

ಆಮೇಲೆ ನನ್ನ ಪಕ್ಕ ನೆಲದ ಮೇಲೆ ಕೂತು, ಕಟ್ಟಿನ ಕೆಳಗಿನಿಂದ ಕೈ ತೂರಿಸಿ ಮಗುವಿನ ಪಾದವನ್ನು ಹುಡುಕಿಕೊಂಡಳು. ಬಿಸಿಯಾಯಿತೇ ಎಂದು ನನ್ನನ್ನು ಕೇಳಲಿಲ್ಲ. ಹೊಸ ಪೆಟ್ಟಿಗೆಯ ಪರದೆಯತ್ತ ನೋಡಲಿಲ್ಲ. ಪಾದವನ್ನು ಮುಷ್ಟಿಯಲ್ಲಿ ಹಿಡಿದು ಕೂತವಳು ಕೈ ತೆಗೆಯಲೇ ಇಲ್ಲ.